ವಾಪಸ್ ಬರೋಕೆ ದಾರಿ ಇರಲಿ: ಹೊಸದಾಗಿ ಫೋಟೋ ಎಡಿಟಿಂಗ್ ಕಲಿಯುವವರು ಯಾವುದನ್ನು ಆರಿಸಬೇಕು?

ಕೋಲಾರದಲ್ಲಿ ನಾನು ಅಂಗಡಿ ಇಟ್ಟ ಮೊದಲ ವರ್ಷ. ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಮುಳಬಾಗಿಲು ಕಡೆಯ ಒಬ್ಬ ಹುಡುಗ ಪೆನ್‌ಡ್ರೈವ್ ತಂದ. ಅದರಲ್ಲಿ ಅವರ ತಂದೆಯ ಫೋಟೋ ಇತ್ತು. ಪಿಂಚಣಿ ಅರ್ಜಿಗೆ ಬೇಕಿತ್ತು. ನಾನು ಪೆನ್‌ಡ್ರೈವ್‌ನಿಂದಲೇ ತೆರೆದೆ. ಮುಖದ ಸುತ್ತ ಕ್ರಾಪ್ ಮಾಡಿ, 413×531 ಪಿಕ್ಸೆಲ್‌ಗೆ (ಪಿಕ್ಸೆಲ್ ಅಂದರೆ ಫೋಟೋ ಕೂಡಿರುವ ಪುಟ್ಟ ಚುಕ್ಕಿ) ಇಳಿಸಿ, ಸೇವ್ ಒತ್ತಿದೆ. ಎಂಟು ಕಾಪಿ ಕತ್ತರಿಸಿ ಕೊಟ್ಟೆ.

ಆರು ತಿಂಗಳ ಮೇಲೆ ಅವನು ಮತ್ತೆ ಬಂದ. ತಂದೆ ತೀರಿಕೊಂಡಿದ್ದರು. "ಅಣ್ಣಾ, ಅವತ್ತಿನ ಫೋಟೋನೇ ದೊಡ್ಡದು ಮಾಡ್ಕೊಡಿ, ತಿಥಿಗೆ ಫ್ರೇಮ್ ಹಾಕಿಸ್ಬೇಕು" ಅಂದ. ಪೆನ್‌ಡ್ರೈವ್ ತೆರೆದರೆ ಉಳಿದಿದ್ದದ್ದು ನಾನು ಇಳಿಸಿದ ಆ ಪುಟ್ಟ ಫೋಟೋ ಮಾತ್ರ. ಅದನ್ನು 12×15 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 35 ಪಿಕ್ಸೆಲ್ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಒಳ್ಳೆ ಪ್ರಿಂಟಿಗೆ 300 ಬೇಕು. ಬೇರೆ ಫೋಟೋ ಅವರ ಮನೆಯಲ್ಲಿರಲಿಲ್ಲ. ಕೊನೆಗೆ ಅಂಗೈ ಅಗಲದ ಪ್ರಿಂಟ್ ತೆಗೆದು, ಸುತ್ತ ಅಗಲವಾಗಿ ಬಿಳಿ ಅಂಚು ಬಿಟ್ಟು ಫ್ರೇಮ್ ಕಟ್ಟಿಸಿದೆವು. ಹುಡುಗ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ ಯಾರಾದರೂ "ಫೋಟೋ ಎಡಿಟಿಂಗ್ ಕಲೀಬೇಕು, ಯಾವುದು ಹಾಕ್ಕೊಳ್ಲಿ?" ಅಂತ ಕೇಳಿದರೆ, ಅದರಲ್ಲಿ ಎಷ್ಟು ಫಿಲ್ಟರ್ ಇವೆ ಅಂತ ನಾನು ನೋಡುವುದಿಲ್ಲ. ಮೂಲ ಫೋಟೋ ಹಾಗೇ ಉಳಿಯುತ್ತದಾ? ಮಾಡಿದ್ದು ಬೇಡ ಅನ್ನಿಸಿದರೆ ವಾಪಸ್ ಬರೋಕೆ ದಾರಿ ಇದೆಯಾ? ಇವತ್ತು ವಾಪಸ್ ಬರಬಹುದೋ, ನಾಳೆ ಫೈಲ್ ತೆರೆದರೂ ಬರಬಹುದೋ? ಮೊದಲು ನೋಡುವುದು ಇದನ್ನೇ. ಹೊಸಬರು ತಪ್ಪು ಮಾಡಿಯೇ ಕಲಿಯುವುದು. ಆ ತಪ್ಪು ಬೇರೆಯವರ ಮನೆಯ ಒಂದೇ ಒಂದು ಫೋಟೋ ಮೇಲೆ ಆಗಬಾರದು ಅಷ್ಟೇ.

ಹಳಬರಿಗೆ ಪಿಕಾಸಾ ಅನ್ನೋ ಫೋಟೋ ಸಾಫ್ಟ್‌ವೇರ್ ನೆನಪಿರುತ್ತದೆ. ಗೂಗಲ್ ಅದನ್ನು 2016ರಲ್ಲಿ ನಿಲ್ಲಿಸಿತು. ಸುಮ್ನೆ ಸೇವ್ ಒತ್ತಿದರೂ ಅದು ಮೂಲ ಫೋಟೋವನ್ನು ಒಂದು ಮರೆಯ ಫೋಲ್ಡರ್‌ನಲ್ಲಿ ಎತ್ತಿಡುತ್ತಿತ್ತು. ಎಷ್ಟೋ ಜನರಿಗೆ ಅದು ಗೊತ್ತೇ ಇರಲಿಲ್ಲ, ಆದರೂ ಅವರ ಫೋಟೋ ಉಳಿಯಿತು. ಈಗಿನ ಸಾಫ್ಟ್‌ವೇರ್‌ಗಳಲ್ಲೂ ನಾನು ಹುಡುಕುವುದು ಅದೇ ಗುಣ.

ಫೋನ್‌ನಲ್ಲೇ ಮಾಡುವವರಿಗೆ

ನಮ್ಮ ಕಡೆ ಮುಕ್ಕಾಲು ಪಾಲು ಕೆಲಸ ಈಗ ಫೋನ್‌ನಲ್ಲೇ ಆಗುತ್ತದೆ. ಅಲ್ಲಿ ನನ್ನ ಮೊದಲ ಆಯ್ಕೆ ಸ್ನ್ಯಾಪ್‌ಸೀಡ್. 2011ರಲ್ಲಿ ನಿಕ್ ಸಾಫ್ಟ್‌ವೇರ್ ಅನ್ನೋ ಕಂಪನಿ ಅದನ್ನು ಐಪ್ಯಾಡ್‌ಗೆ ಅಂತ ತಂದಿತು. ಮರುವರ್ಷ ಗೂಗಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ನಡುವೆ ಜಾಹೀರಾತು ಬಂದು ಕೈ ತಪ್ಪುವ ಆ್ಯಪ್‌ಗಳಲ್ಲಿ ಹೊಸಬರಿಗೆ ಕಲಿಸಿ ನೋಡಿದ್ದೇನೆ. ಅರ್ಧ ಸಮಯ ಜಾಹೀರಾತು ಮುಚ್ಚೋದರಲ್ಲೇ ಹೋಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮೂರ ಸೋಮೇಶ್ವರ ದೇವಸ್ಥಾನಕ್ಕೆ ಮದುವೆ ಆದವರು, ಮಗುವಿಗೆ ಮುಡಿ ಕೊಟ್ಟವರು ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ವಿಜಯನಗರ ಕಾಲದ ಕೆತ್ತನೆಯ ಕಂಬಗಳು ಅಲ್ಲಿವೆ. ಹೊತ್ತು ನೆತ್ತಿಗೆ ಬಂದಾಗ ಅಲ್ಲಿ ಫೋನ್ ಹಿಡಿದರೆ ಗೋಪುರ ಬೆಳ್ಳಗೆ ಹೊಳೆಯುತ್ತದೆ, ಮಂಟಪದೊಳಗೆ ನಿಂತವರ ಮುಖ ಕಪ್ಪಗಾಗುತ್ತದೆ. ಇದನ್ನು ಸರಿ ಮಾಡಲು ಹೊಸಬರು ಬ್ರೈಟ್‌ನೆಸ್ ಏರಿಸುತ್ತಾರೆ. ಮುಖ ಕಾಣುತ್ತದೆ, ಆದರೆ ಗೋಪುರ, ಆಕಾಶ ಎಲ್ಲಾ ಸುಣ್ಣ ಬಳಿದಂತೆ ಆಗುತ್ತವೆ.

ಸ್ನ್ಯಾಪ್‌ಸೀಡ್‌ನಲ್ಲಿ ಹೀಗೆ ಮಾಡಿ. 'ಟ್ಯೂನ್ ಇಮೇಜ್' ತೆರೆಯಿರಿ. ಬೆರಳನ್ನು ಮೇಲೆ ಕೆಳಗೆ ಎಳೆದರೆ ಯಾವುದನ್ನು ಬದಲಿಸಬೇಕು ಅಂತ ಆರಿಸಬಹುದು, ಅಡ್ಡ ಎಳೆದರೆ ಅದು ಏರುತ್ತದೆ, ಇಳಿಯುತ್ತದೆ. 'ಶ್ಯಾಡೋಸ್', ಅಂದರೆ ಕಪ್ಪಗಿರುವ ಭಾಗ, ಮಾತ್ರ 30ರಷ್ಟು ಏರಿಸಿ. 'ಹೈಲೈಟ್ಸ್', ಅಂದರೆ ಹೊಳೆಯುವ ಭಾಗ, 20ರಷ್ಟು ಇಳಿಸಿ. ಟಿಕ್ ಒತ್ತಿ. ಈಗ ಮುಖ ಕಂಡಿತು, ಆದರೆ ಕಂಬಗಳ ನೆರಳೂ ತಿಳಿಯಾಗಿ ಕೆತ್ತನೆ ಸಪ್ಪೆ ಅನ್ನಿಸುತ್ತದೆ. ಅಲ್ವಾ? ಇಲ್ಲೇ ನೋಡಿ ಸ್ನ್ಯಾಪ್‌ಸೀಡ್‌ನ ನಿಜವಾದ ಶಕ್ತಿ. 'ವ್ಯೂ ಎಡಿಟ್ಸ್' ಅಂತ ಇದೆ. ಅಲ್ಲಿ ನೀವು ಮಾಡಿದ ಪ್ರತಿ ಕೆಲಸವೂ ಒಂದರ ಮೇಲೊಂದು ಸಾಲಾಗಿ ಕಾಣುತ್ತದೆ. 'ಟ್ಯೂನ್ ಇಮೇಜ್' ಮುಟ್ಟಿ, ಬ್ರಷ್ ಗುರುತು ಒತ್ತಿ, ಮುಖ ಮತ್ತು ಬಟ್ಟೆಯ ಮೇಲೆ ಮಾತ್ರ ಬೆರಳಾಡಿಸಿ. ಬೆರಳು ಹೋದ ಕಡೆ ಮಾತ್ರ ಬೆಳಕು ಬರುತ್ತದೆ, ಕಂಬಗಳು ಮೊದಲಿನ ಹಾಗೇ ಗಟ್ಟಿಯಾಗಿ ಉಳಿಯುತ್ತವೆ. ಜಾಸ್ತಿ ಆಯಿತಾ, ಅದೇ ಸಾಲಿಗೆ ಹೋಗಿ ಕಡಿಮೆ ಮಾಡಿ. ಆ ಒಂದು ಹೆಜ್ಜೆ ಬೇಡವೇ ಬೇಡವಾ, ಅದನ್ನು ಮಾತ್ರ ಅಳಿಸಿ. ಅದರ ಮೇಲೆ ಮಾಡಿದ ಬೇರೆ ಕೆಲಸ ಹಾಳಾಗುವುದಿಲ್ಲ.

ಇದನ್ನು ಕಲಿತವರಿಗೆ ಮುಂದೆ ಕಂಪ್ಯೂಟರ್‌ನಲ್ಲಿ ಲೇಯರ್ (ಒಂದರ ಮೇಲೊಂದು ಇಡುವ ಪದರ), ಮಾಸ್ಕ್ (ಆ ಪದರದಲ್ಲಿ ಬೇಕಾದಷ್ಟನ್ನೇ ತೋರಿಸುವ ಮುಸುಕು) ಅನ್ನೋದು ಬಹಳ ಸುಲಭ. ಇಲ್ಲಿ ಮಾಡಿದ್ದೂ ಅದೇ ಯೋಚನೆ.

ಒಂದು ಎಚ್ಚರಿಕೆ. ಫೋಟೋ ತೆರೆದಿರುವವರೆಗೆ ಈ ಸಾಲು ನಿಮ್ಮ ಕೈಯಲ್ಲಿರುತ್ತದೆ. ಸೇವ್ ಮಾಡಿ ಮುಚ್ಚಿದ ಮೇಲೂ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಮೂಲ ಫೋಟೋದ ಒಂದು ಕಾಪಿ ಬೇರೆ ಇರಲೇಬೇಕು. ಇನ್ನೊಂದು, 'ಡೀಟೇಲ್ಸ್' ಒಳಗಿನ 'ಸ್ಟ್ರಕ್ಚರ್'. ಕಲ್ಲಿನ ಕೆತ್ತನೆಗೆ ಅದು ಚೆನ್ನ. ಅಂತರಗಂಗೆ ಬೆಟ್ಟದ ಬಂಡೆಗಳಿಗೆ ಹಾಕಿ ನೋಡಿ, ಒಂದೊಂದು ಬಿರುಕೂ ಎದ್ದು ಬರುತ್ತದೆ. ಆದರೆ ವಯಸ್ಸಾದವರ ಮುಖಕ್ಕೆ ಅದನ್ನು ಹಾಕಬೇಡಿ. ಅಜ್ಜಿಯ ಮುಖದ ಸುಕ್ಕು ಗಾಯದ ಗೆರೆಯಂತೆ ಕಾಣುತ್ತದೆ.

ಸ್ನ್ಯಾಪ್‌ಸೀಡ್‌ಗೆ ಎದುರು ನಿಲ್ಲುವುದು ಅಂದರೆ ಲೈಟ್‌ರೂಮ್‌ನ ಮೊಬೈಲ್ ಆ್ಯಪ್. ಅಡೋಬಿ ಕಂಪನಿಯದ್ದು. ವಾಪಸ್ ಬರುವ ದಾರಿಯ ವಿಷಯದಲ್ಲಿ ಇದೇ ಒಂದು ಕೈ ಮೇಲು. ಲೈಟ್‌ರೂಮ್ ಮೂಲ ಫೋಟೋವನ್ನು ಮುಟ್ಟುವುದೇ ಇಲ್ಲ. ನೀವು ಏನೇನು ಮಾಡಿದಿರಿ ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತದೆ ಅಷ್ಟೇ. ವರ್ಷ ಬಿಟ್ಟು ತೆರೆದು 'ರೀಸೆಟ್' ಒತ್ತಿದರೂ ಮೊದಲಿನ ಫೋಟೋ ಬರುತ್ತದೆ. ತೊಂದರೆ ಏನಂದರೆ, ಬೆಳಕು ಬಣ್ಣಗಳ ಕೆಲಸ ಉಚಿತ, ಆದರೆ ಬೇಕಾದ ಜಾಗಕ್ಕೆ ಮಾತ್ರ ಬದಲಾವಣೆ ಮಾಡುವ ಮಾಸ್ಕಿಂಗ್, ಕಲೆ ತೆಗೆಯುವ ಹೀಲಿಂಗ್ ಇಂಥವಕ್ಕೆ ತಿಂಗಳ ಚಂದಾ ಕೇಳುತ್ತದೆ. ಅವೆರಡೂ ಸ್ನ್ಯಾಪ್‌ಸೀಡ್‌ನಲ್ಲಿ ಪುಕ್ಕಟೆ.

ಹಾಗಾದರೆ ಲೈಟ್‌ರೂಮ್ ಯಾಕೆ ಬೇಕು? ಬಣ್ಣಕ್ಕೆ. ಕೋಲಾರದವನಾಗಿ ಟೊಮೆಟೊ ಉದಾಹರಣೆಯನ್ನೇ ಕೊಡುತ್ತೇನೆ.

ಬೆಳೆಗಾರರ ಮಕ್ಕಳು ಈಗ ಬಾಕ್ಸ್‌ಗೆ ತುಂಬಿದ ಹಣ್ಣಿನ ಫೋಟೋ ತೆಗೆದು ದೂರದ ವ್ಯಾಪಾರಿಗಳಿಗೆ ಕಳಿಸುತ್ತಾರೆ. ಹಣ್ಣು ಕೆಂಪಗೆ ಕಾಣಲಿ ಅಂತ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಫೋಟೋದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 255ರವರೆಗೆ ಒಂದೊಂದು ಅಂಕಿ ಇರುತ್ತದೆ. ಬಿಸಿಲಲ್ಲಿರುವ ಹಣ್ಣಾದ ಟೊಮೆಟೊದಲ್ಲಿ ಕೆಂಪಿನ ಅಂಕಿ ಮೊದಲೇ ತುದಿಯ ಹತ್ತಿರ ಇರುತ್ತದೆ. ಇನ್ನೂ ತಳ್ಳಿದರೆ ಎಲ್ಲಾ ಪಿಕ್ಸೆಲ್ಲೂ 255ಕ್ಕೆ ಹೋಗಿ ಕೂರುತ್ತವೆ. ಸಿಪ್ಪೆಯ ಹೊಳಪು, ತೊಟ್ಟಿನ ಸುತ್ತಲ ಗೆರೆ, ಒಂದು ಹಣ್ಣಿನ ನೆರಳು ಇನ್ನೊಂದರ ಮೇಲೆ ಬಿದ್ದಿದ್ದು, ಯಾವುದೂ ಇಲ್ಲ. ಬಾಕ್ಸ್ ತುಂಬ ಒಂದೇ ಕೆಂಪು ಮುದ್ದೆ. ಒಮ್ಮೆ ಹಾಗೆ ಸೇವ್ ಆದ ಜೆಪಿಜಿಯಿಂದ ಆ ಗೆರೆಗಳನ್ನು ಮತ್ತೆ ತರಲು ಯಾವ ಸಾಫ್ಟ್‌ವೇರ್‌ಗೂ ಆಗುವುದಿಲ್ಲ.

ಲೈಟ್‌ರೂಮ್‌ನಲ್ಲಿ 'ವೈಬ್ರೆನ್ಸ್' ಅಂತ ಬೇರೆ ಸ್ಲೈಡರ್ ಇದೆ. ಅದು ಮಂಕಾಗಿರುವ ಬಣ್ಣಗಳನ್ನು ಹೆಚ್ಚು ಎತ್ತುತ್ತದೆ, ಆಗಲೇ ಗಾಢವಾಗಿರುವುದನ್ನು ಅಷ್ಟಾಗಿ ಮುಟ್ಟುವುದಿಲ್ಲ. 'ಕಲರ್ ಮಿಕ್ಸ್' ಒಳಗೆ ಹೋದರೆ ಕೆಂಪನ್ನು ಮಾತ್ರ ಹಿಡಿದು, ಅದರ ಬೆಳಕು ಸ್ವಲ್ಪ ಇಳಿಸಬಹುದು. ಆಗ ಹಣ್ಣು ಹಣ್ಣಾಗಿಯೇ ಕಾಣುತ್ತದೆ. ಎಷ್ಟೋ ಸಲ ಅದೂ ಬೇಕಿಲ್ಲ. ನೀಲಿ ಟಾರ್ಪಾಲ್ ಕೆಳಗೆ ತೆಗೆದ ಫೋಟೋದಲ್ಲಿ ಎಲ್ಲದಕ್ಕೂ ನೀಲಿ ಬಡಿದಿರುತ್ತದೆ, ಹಣ್ಣು ಕಂದಿದ ಹಾಗೆ ಕಾಣುತ್ತದೆ. ಅಲ್ಲಿ ಸರಿ ಮಾಡಬೇಕಾದ್ದು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸೋದು. ಡ್ರಾಪರ್ ತೆಗೆದುಕೊಂಡು ಸಿಮೆಂಟ್ ನೆಲ ಅಥವಾ ಬಿಳಿ ಚೀಟಿಯ ಮೇಲೆ ಇಡಿ, ಅರ್ಧ ಕೆಲಸ ಮುಗಿಯಿತು. ಇದು ಸ್ನ್ಯಾಪ್‌ಸೀಡ್‌ನಲ್ಲೂ ಇದೆ. ಮಾರಾಟದ ಫೋಟೋದಲ್ಲಿ ಬಣ್ಣ ಇದ್ದ ಹಾಗೇ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಲಾರಿ ಇಳಿಸಿದ ಮೇಲೆ ಹಣ್ಣು ಫೋಟೋದ ಹಾಗಿಲ್ಲ ಅಂದರೆ, ಹೋಗುವುದು ರೈತನ ಮಾತಿನ ಬೆಲೆ.

ಮನೆಯವರ ಫೋಟೋ, ದೇವಸ್ಥಾನ, ಜಾತ್ರೆ, ಇವಕ್ಕೆ ಸ್ನ್ಯಾಪ್‌ಸೀಡ್ ಸಾಕು. ಬಣ್ಣವೇ ಮುಖ್ಯವಾದ ಕಡೆ, ಅಂದರೆ ಹಣ್ಣು, ಹೂವು, ರೇಷ್ಮೆ ಸೀರೆ, ಮಾರಾಟದ ಸಾಮಾನು, ಅಲ್ಲಿ ಲೈಟ್‌ರೂಮ್. ಎರಡನ್ನೂ ಇಟ್ಟುಕೊಂಡರೆ ತಪ್ಪೇನಿಲ್ಲ.

ಕಂಪ್ಯೂಟರ್ ಇದ್ದವರಿಗೆ

ಇಲ್ಲಿ ಮೂರು ಹೆಸರು ಬರುತ್ತವೆ: ಪೇಂಟ್ ಡಾಟ್ ನೆಟ್, ಫೋಟೋಪಿಯಾ, ಗಿಂಪ್. ಮೂರೂ ಉಚಿತ.

ಪೇಂಟ್ ಡಾಟ್ ನೆಟ್ ವಿಂಡೋಸ್‌ಗೆ ಮಾತ್ರ. ಬೇಗ ತೆರೆಯುತ್ತದೆ, ಹಳೇ ಕಂಪ್ಯೂಟರ್‌ನಲ್ಲೂ ಹೆಚ್ಚು ತಡವರಿಸುವುದಿಲ್ಲ. ಕ್ರಾಪ್, ಅಳತೆ ಬದಲಿಸೋದು, ಬೆಳಕು ಸರಿ ಮಾಡೋದು ಇಷ್ಟಕ್ಕೆ ಬಹಳ ಒಳ್ಳೆಯದು. ಲೇಯರ್ ಕೂಡ ಇವೆ. ಆದರೆ ಲೇಯರ್ ಮಾಸ್ಕ್ ಇಲ್ಲ, ಫೋಟೋ ಮುಟ್ಟದೆ ಮೇಲಿನಿಂದಲೇ ಬೆಳಕು ಬಣ್ಣ ಬದಲಿಸುವ ಅಡ್ಜಸ್ಟ್‌ಮೆಂಟ್ ಲೇಯರ್ ಇಲ್ಲ. ಮಾಡಿದ್ದೆಲ್ಲ 'ಹಿಸ್ಟರಿ' ಕಿಟಕಿಯಲ್ಲಿ ಕಾಣುತ್ತದೆ, ಫೈಲ್ ಮುಚ್ಚಿದ ಕೂಡಲೇ ಆ ಪಟ್ಟಿ ಹೋಗುತ್ತದೆ. ಅಂದರೆ ವಾಪಸ್ ಬರುವ ದಾರಿ ಅವತ್ತಿನ ಮಟ್ಟಿಗೆ ಮಾತ್ರ. ಹಾಗಾಗಿ ಶಾಲೆಯಲ್ಲಿ ಮಕ್ಕಳಿಗೆ ಮೊದಲ ಪಾಠ ಹೇಳಲು ಇದನ್ನು ಒಪ್ಪುತ್ತೇನೆ, ಅಂಗಡಿ ಕೆಲಸಕ್ಕೆ ಒಪ್ಪುವುದಿಲ್ಲ.

ಫೋಟೋಪಿಯಾ ಬೇರೆಯೇ ಥರ. ಇನ್‌ಸ್ಟಾಲ್ ಮಾಡೋದೇ ಬೇಡ. ಬ್ರೌಸರ್‌ನಲ್ಲಿ ತೆರೆದರೆ ಆಯಿತು. ಇವಾನ್ ಕುಟ್ಸ್ಕಿರ್ ಅನ್ನುವವರು 2013ರಿಂದ ಕಟ್ಟಿ ಬೆಳೆಸಿದ ಸಾಫ್ಟ್‌ವೇರ್ ಇದು. ನೋಡಲು ಫೋಟೋಶಾಪ್ ಹಾಗೇ ಇದೆ, ಅದರ ಪಿಎಸ್‌ಡಿ ಫೈಲ್ ತೆರೆಯುತ್ತದೆ, ಗಿಂಪ್‌ನ ಎಕ್ಸ್‌ಸಿಎಫ್ ಫೈಲನ್ನೂ ತೆರೆಯುತ್ತದೆ. ನೀವು ತೆರೆದ ಫೋಟೋ ಬೇರೆ ಯಾರದ್ದೋ ಸರ್ವರ್‌ಗೆ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ನಡೆಯುತ್ತದೆ. ಗಿರಾಕಿಗಳ ಆಧಾರ್, ಮನೆಯವರ ಫೋಟೋ ಹಿಡಿದು ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ. ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಆದರೆ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಗಿಂಪ್ ಮೂರರಲ್ಲಿ ಹಿರಿಯದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಹಾಕಿದ ಫಿಲ್ಟರ್‌ಗಳು ಲೇಯರ್ ಜೊತೆಗೇ ಉಳಿಯುತ್ತವೆ, ಆಮೇಲೆ ತೆರೆದು ಬದಲಿಸಬಹುದು, ತೆಗೆಯಬಹುದು. ಹಳೇ ಗಿಂಪ್ ಬಳಸಿ ಬಿಟ್ಟವರು ಇದನ್ನು ಮತ್ತೆ ನೋಡಬೇಕು. ಇನ್ನೊಂದು ಗುಣ ನನಗೆ ಬಹಳ ಇಷ್ಟ. ಜೆಪಿಜಿ ತೆರೆದು ಕೆಲಸ ಮಾಡಿ ಸೇವ್ ಒತ್ತಿದರೆ ಗಿಂಪ್ ಆ ಜೆಪಿಜಿಯ ಮೇಲೆ ಬರೆಯುವುದಿಲ್ಲ. ಲೇಯರ್‌ಗಳ ಸಮೇತ ಎಕ್ಸ್‌ಸಿಎಫ್ ಅನ್ನೋ ಬೇರೆ ಫೈಲ್ ಮಾಡುತ್ತದೆ. ಜೆಪಿಜಿ ಬೇಕಾದರೆ 'ಎಕ್ಸ್‌ಪೋರ್ಟ್' ಅಂತ ಬೇರೆ ಹೇಳಬೇಕು. ಹೊಸಬರಿಗೆ ಇದು ತಲೆನೋವು ಅನ್ನಿಸುತ್ತದೆ. ಆ ಮುಳಬಾಗಿಲಿನ ಹುಡುಗ ಬಂದ ದಿನ ನನ್ನ ಕಂಪ್ಯೂಟರ್‌ನಲ್ಲಿ ಇದೇ ಇದ್ದಿದ್ದರೆ ಅವರ ತಂದೆಯ ಫೋಟೋ ಉಳಿಯುತ್ತಿತ್ತು. ಫೈಲ್ ಮೆನುವಿನಲ್ಲಿ 'ಓವರ್‌ರೈಟ್' ಅಂತ ಒಂದು ಸಾಲು ಕಾಣುತ್ತದೆ, ಅದನ್ನು ಮಾತ್ರ ಒತ್ತಬೇಡಿ.

ಫೋಟೋಪಿಯಾನಾ, ಗಿಂಪಾ? ಒಂದು ಕೆಲಸ ಹಿಡಿದು ನೋಡೋಣ. ಪಾಸ್‌ಪೋರ್ಟ್ ಫೋಟೋ. ಒಬ್ಬ ಹೆಣ್ಣುಮಗಳು ಬಂದಿದ್ದಾರೆ, ತಲೆ ತುಂಬ ಮಲ್ಲಿಗೆ, ನಡುವೆ ಕನಕಾಂಬರ. ಹಿಂದೆ ಅಂಗಡಿಯ ತಿಳಿ ಗೋಡೆ. ಬ್ಯಾಕ್‌ಗ್ರೌಂಡ್ ಪೂರ್ತಿ ಬಿಳಿ ಆಗಬೇಕು. ಒಂದೇ ಒತ್ತಿಗೆ ಬ್ಯಾಕ್‌ಗ್ರೌಂಡ್ ತೆಗೆಯುವ ಸೌಲಭ್ಯಕ್ಕೆ ಕೊಟ್ಟರೆ ಭುಜ, ಕಿವಿ ಎಲ್ಲಾ ನೀಟಾಗಿ ಬರುತ್ತದೆ, ಆದರೆ ಮಲ್ಲಿಗೆಯ ಅರ್ಧ ದಂಡೆ ಗೋಡೆಯ ಜೊತೆ ಹೋಗಿಬಿಡುತ್ತದೆ. ತಿಳಿ ಗೋಡೆ, ಬಿಳಿ ಹೂವು, ಎರಡಕ್ಕೂ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ. ಹೂವು ಮುಡಿದು ಬಂದವರಿಗೆ ಕಚ್ಚಿ ತಿಂದಂತಿರುವ ಹೂವಿನ ಫೋಟೋ ಕೊಡೋಕಾಗುತ್ತಾ?

ಇರೇಸರ್ ಹಿಡಿದು ಗೋಡೆ ಉಜ್ಜಬೇಡಿ. ಉಜ್ಜಿದ್ದು ಹೋಯಿತು. ಬದಲಿಗೆ ಮಾಸ್ಕ್ ಹಾಕಿ. ಫೋಟೋ ಲೇಯರ್‌ನ ಕೆಳಗೆ ಒಂದು ಬಿಳಿ ಲೇಯರ್ ಇಡಿ. ಫೋಟೋ ಲೇಯರ್‌ಗೆ ಮಾಸ್ಕ್ ಸೇರಿಸಿ. ಇನ್ನು ಮಾಸ್ಕ್ ಮೇಲೆ ಕಪ್ಪು ಬ್ರಷ್ ಆಡಿಸಿದ ಕಡೆ ಗೋಡೆ ಮರೆಯಾಗುತ್ತದೆ, ಬಿಳಿ ಬ್ರಷ್ ಆಡಿಸಿದ ಕಡೆ ಮರೆಯಾದದ್ದು ವಾಪಸ್ ಬರುತ್ತದೆ. ಯಾವುದೂ ಅಳಿಯುವುದಿಲ್ಲ. ಮೊದಲು ಸೆಲೆಕ್ಷನ್ ಟೂಲ್‌ನಿಂದ ದೊಡ್ಡ ಭಾಗ ಮರೆಮಾಡಿ. ಆಮೇಲೆ ಫೋಟೋ ದೊಡ್ಡದು ಮಾಡಿಕೊಂಡು, ಮೆತ್ತನೆ ಅಂಚಿನ ಸಣ್ಣ ಬಿಳಿ ಬ್ರಷ್‌ನಲ್ಲಿ ಮಲ್ಲಿಗೆಯ ಒಂದೊಂದು ಎಸಳನ್ನೂ ವಾಪಸ್ ಕರೆದುಕೊಳ್ಳಿ. ಹೂವಿನ ಅಂಚಿಗೆ ಸ್ವಲ್ಪ ನೆರಳು ಉಳಿಸಿದರೆ ಬಿಳಿ ಹಿನ್ನೆಲೆಯಲ್ಲೂ ದಂಡೆ ಎದ್ದು ಕಾಣುತ್ತದೆ. ಐದು ನಿಮಿಷದ ಕೆಲಸ.

ಈ ಕೆಲಸ ಎರಡರಲ್ಲೂ ಚೆನ್ನಾಗಿಯೇ ಆಗುತ್ತದೆ. ಕಲಿಯುವಾಗ ಫೋಟೋಪಿಯಾ ಸುಲಭ. ಮಾಸ್ಕ್‌ನ ಬಟನ್ ಕಣ್ಣೆದುರಿಗೇ ಇದೆ, ಬೆಳಕು ಬಣ್ಣ ಸರಿ ಮಾಡುವ ಲೆವೆಲ್ಸ್, ಕರ್ವ್ಸ್ ಎಲ್ಲವನ್ನೂ ಅಡ್ಜಸ್ಟ್‌ಮೆಂಟ್ ಲೇಯರ್ ಆಗಿ ಇಡಬಹುದು. ಫೋಟೋಶಾಪ್ ಕಲಿಸುವ ಕನ್ನಡ ವಿಡಿಯೋ ನೋಡಿಕೊಂಡೇ ಇದರಲ್ಲಿ ಮಾಡಬಹುದು. ಆದರೆ ನಮ್ಮ ಕಡೆ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಯುಪಿಎಸ್ ಇಲ್ಲದ ಕಂಪ್ಯೂಟರ್ ಆಫ್ ಆದರೆ ಬ್ರೌಸರ್‌ನಲ್ಲಿ ಸೇವ್ ಆಗದೆ ಉಳಿದ ಕೆಲಸದ ಆಸೆ ಬಿಡಬೇಕು. ಹತ್ತು ನಿಮಿಷಕ್ಕೊಮ್ಮೆ ಪಿಎಸ್‌ಡಿ ಆಗಿ ಸೇವ್ ಮಾಡಿಕೊಳ್ಳಿ. ನೆಟ್ ಸರಿಯಾಗಿ ಸಿಗದ ಹಳ್ಳಿಯಲ್ಲಿದ್ದರೆ ಯೋಚನೆಯೇ ಬೇಡ, ಗಿಂಪ್ ಹಾಕಿಕೊಳ್ಳಿ. ಮೊದಲ ಎರಡು ವಾರ ಕಷ್ಟ ಅನ್ನಿಸುತ್ತದೆ, ಬಿಡಬೇಡಿ.

ಅಳತೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ದಿನಾ ಕೇಳುತ್ತಾರೆ. 3.5×4.5 ಸೆಂಟಿಮೀಟರ್ ಫೋಟೋ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 413×531 ಪಿಕ್ಸೆಲ್. ಒಂದು 4×6 ಇಂಚಿನ ಹಾಳೆಯಲ್ಲಿ ಎಂಟು ಕೂರುತ್ತವೆ. ಆನ್‌ಲೈನ್ ಅರ್ಜಿಗಳು 20ರಿಂದ 50 ಕೆಬಿ ಒಳಗೆ ಅಂತ ಕೇಳಿದಾಗ, ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕ್ವಾಲಿಟಿ ಇಳಿಸುತ್ತಾ ಹೋದರೆ ಫೈಲ್ ಎಷ್ಟು ಕೆಬಿ ಆಯಿತು ಅಂತ ಫೋಟೋಪಿಯಾ ಅಲ್ಲೇ ತೋರಿಸುತ್ತದೆ. ಗಿಂಪ್‌ನಲ್ಲಿ ಪ್ರಿವ್ಯೂಗೆ ಟಿಕ್ ಹಾಕಿದರೆ ಕಾಣುತ್ತದೆ.

ಫೋಟೋಶಾಪ್ ವಿಷಯ ಕೇಳುವವರಿಗೆ: 1990ರಿಂದ ಇರುವ ದೊಡ್ಡ ಸಾಫ್ಟ್‌ವೇರ್, ಸ್ಟುಡಿಯೋ ಕೆಲಸವೇ ಜೀವನ ಅಂದರೆ ಚಂದಾ ಕಟ್ಟಿ ಬಳಸಿ. ಕ್ರ್ಯಾಕ್ ಕಾಪಿ, ಅಂದರೆ ದುಡ್ಡು ಕೊಡದ ಕಳ್ಳ ಕಾಪಿ, ಬೇಡವೇ ಬೇಡ. ಅದರ ಜೊತೆ ವೈರಸ್ ಬಂದರೆ ಗಿರಾಕಿಗಳ ಫೋಟೋ, ದಾಖಲೆ ಎಲ್ಲಾ ಒಟ್ಟಿಗೆ ಹೋಗುತ್ತವೆ. ಅಫಿನಿಟಿ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರನ್ನು ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡು 2025ರ ಅಕ್ಟೋಬರ್‌ನಿಂದ ಉಚಿತವಾಗಿ ಕೊಡುತ್ತಿದೆ. ಹೊಸ ಕಂಪ್ಯೂಟರ್ ಇದ್ದವರು ನೋಡಬಹುದು.

ಹಳೇ ಫೋಟೋ ಸರಿ ಮಾಡುವುದು

ಇದು ನನಗೆ ಎಲ್ಲಕ್ಕಿಂತ ಹತ್ತಿರದ ಕೆಲಸ. ಹಳ್ಳಿಗಳಿಂದ ಮಾಸಿದ ಕಲರ್ ಪ್ರಿಂಟ್ ಹಿಡಿದು ಬರುತ್ತಾರೆ. ಮದುವೆಯ ಗುಂಪು ಫೋಟೋ, ಅದರಲ್ಲಿ ಮೂಲೆಯಲ್ಲಿ ನಿಂತ ಅಮ್ಮ. ಫೋಟೋ ಪೂರ್ತಿ ಕೆಂಪು ತಿರುಗಿರುತ್ತದೆ. ಆ ಕಾಲದ ಪ್ರಿಂಟ್‌ಗಳಲ್ಲಿ ಮೂರು ಬಣ್ಣದ ಪದರ ಇರುತ್ತಿದ್ದವು. ಆಲ್ಬಂನಲ್ಲಿ, ಪೆಟ್ಟಿಗೆಯಲ್ಲಿ ಕತ್ತಲಲ್ಲೇ ಇದ್ದರೂ ಅವುಗಳಲ್ಲಿ ನೀಲಿ-ಹಸಿರಿನ ಪದರ ಬೇಗ ಮಾಸುತ್ತಿತ್ತು. ಉಳಿದದ್ದು ಕೆಂಪಗೆ ಕಾಣುತ್ತದೆ.

ಸ್ಕ್ಯಾನರ್ ಇದ್ದರೆ 600 ಡಿಪಿಐಗೆ (ಇಂಚಿಗೆ 600 ಪಿಕ್ಸೆಲ್) ಇಟ್ಟು ಸ್ಕ್ಯಾನ್ ಮಾಡಿ. 4×6ರ ಪ್ರಿಂಟ್‌ನಿಂದ 2400×3600 ಪಿಕ್ಸೆಲ್ ಸಿಗುತ್ತದೆ, 8×12ಕ್ಕೆ ಸಾಕಾಗುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಫ್ರೇಮ್‌ನಿಂದ ಹೊರಗೆ ತೆಗೆದು, ಬಾಗಿಲ ಪಕ್ಕದ ನೆರಳಲ್ಲಿ ಇಟ್ಟು, ಫೋನ್ ನೇರವಾಗಿ ಮೇಲೆ ಹಿಡಿದು ತೆಗೆಯಿರಿ. ಫ್ಲ್ಯಾಶ್ ಬೇಡ. ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಗಾಜಿನ ಮೇಲಿಂದಲೇ ತೆಗೆಯಿರಿ.

ಕೆಂಪು ತೆಗೆಯಲು ಫೋನ್‌ಗಿಂತ ಕಂಪ್ಯೂಟರ್ ಮೇಲು. ಗಿಂಪ್ ಅಥವಾ ಫೋಟೋಪಿಯಾದಲ್ಲಿ 'ಲೆವೆಲ್ಸ್' ತೆರೆದು ಕೆಂಪು, ಹಸಿರು, ನೀಲಿ ಒಂದೊಂದನ್ನೇ ಆರಿಸಿ. ಪ್ರತಿಯೊಂದರಲ್ಲೂ ಗುಡ್ಡದಂಥ ಚಿತ್ರ ಕಾಣುತ್ತದೆ. ಗುಡ್ಡ ಶುರುವಾಗುವ ಕಡೆಗೆ ಎಡಗಡೆಯ ಗುಂಡಿ, ಮುಗಿಯುವ ಕಡೆಗೆ ಬಲಗಡೆಯ ಗುಂಡಿ ಎಳೆದು ತನ್ನಿ. ಮೂರೂ ಮುಗಿದಾಗ ಬಿಳಿ ಪಂಚೆ ಬಿಳಿಯಾಗುತ್ತದೆ, ಬಾಳೆಕಂಬ ಹಸಿರಾಗುತ್ತದೆ. ಎಷ್ಟು ಸಲ ಮಾಡಿದರೂ ಆ ಹಸಿರು ವಾಪಸ್ ಬರುವ ಗಳಿಗೆ ನನಗೆ ಖುಷಿ ಕೊಡುತ್ತದೆ. ಆಮೇಲೆ ಬಿರುಕು, ಕಲೆಗಳಿಗೆ ಹೀಲಿಂಗ್ ಟೂಲ್. ಅದಕ್ಕೆ ಮೂಲ ಲೇಯರ್‌ನ ಕಾಪಿ ಮಾಡಿಕೊಂಡು ಆ ಕಾಪಿಯ ಮೇಲೆ ಕೆಲಸ ಮಾಡಿ.

ಮುಖ ಮಸುಕಾಗಿದ್ದರೆ ಎಐ ಆ್ಯಪ್‌ಗೆ ಹಾಕೋಣ ಅಂತ ಈಗ ಎಲ್ಲರೂ ಹೇಳುತ್ತಾರೆ. ಬಂಗಾರಪೇಟೆ ಕಡೆಯ ಒಬ್ಬ ಹೆಣ್ಣುಮಗಳಿಗೆ ನಾನು ಹಾಗೆ ಮಾಡಿ ತೋರಿಸಿದ್ದೆ. ಕಣ್ಣು ರೆಪ್ಪೆ ಸಮೇತ ಹೊಳೆಯುತ್ತಿತ್ತು, ಚರ್ಮ ನುಣ್ಣಗಾಗಿತ್ತು. ಅವರು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗೈತೆ. ಆದ್ರೆ ಇದು ನಮ್ಮಮ್ಮ ಅಲ್ಲಣ್ಣ" ಅಂದರು. ತುಟಿಯ ಮೇಲಿನ ಮಚ್ಚೆ ಇರಲಿಲ್ಲ. ಅದು ಕೊಳೆ ಅಂದುಕೊಂಡು ಅಳಿಸಿತ್ತು. ಇಂಥ ಆ್ಯಪ್‌ಗಳು ಇಲ್ಲದ ವಿವರವನ್ನು ತಾವೇ ಊಹಿಸಿ ಬರೆಯುತ್ತವೆ. ಆ ಊಹೆ ಬೇರೆ ಸಾವಿರಾರು ಮುಖಗಳಿಂದ ಬಂದದ್ದು. ನಾನು ಹಳೇ ಫೈಲ್‌ಗೆ ವಾಪಸ್ ಹೋದೆ. ಬಣ್ಣ ಸರಿ ಮಾಡಿ, ಗೀರು ತೆಗೆದು, ಮುಖದ ಮಸುಕು ಹಾಗೇ ಬಿಟ್ಟೆ. ಮಚ್ಚೆ ಹಾಗೇ ಇತ್ತು. ಅದನ್ನೇ ಫ್ರೇಮ್ ಮಾಡಿಸಿಕೊಂಡು ಹೋದರು. ಹಿಂದೆ ನಿಂತ ಅಪರಿಚಿತರನ್ನು, ಕರೆಂಟ್ ವೈರನ್ನು ತೆಗೆಯಲು ಗೂಗಲ್ ಫೋಟೋಸ್‌ನ ಮ್ಯಾಜಿಕ್ ಇರೇಸರ್ ಬಳಸಿ, ತಪ್ಪಿಲ್ಲ. ಮುಖಕ್ಕೆ ಮಾತ್ರ ಬೇಡ ಅನ್ನುತ್ತೇನೆ.

ಕನ್ನಡ ಅಕ್ಷರ ಹಾಕುವಾಗ

ಫೋಟೋ ಮೇಲೆ 'ಶ್ರದ್ಧಾಂಜಲಿ' ಅಂತಲೋ, ನಾಮಕರಣದ ಕರೆಯೋಲೆಯೋ ಬರೆಯಬೇಕಾಗುತ್ತದೆ. ಯಾವ ಸಾಫ್ಟ್‌ವೇರ್ ಆದರೂ ಮೊದಲು 'ಸ್ತ್ರೀ', 'ಶ್ರದ್ಧಾಂಜಲಿ', 'ಕಾರ್ಯಕ್ರಮ' ಈ ಮೂರು ಪದ ಬರೆದು ನೋಡಿ. ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಕೂತರೆ ಮುಂದುವರಿಯಿರಿ. ಗಿಂಪ್‌ನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ, ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಫಾಂಟ್ ಹಾಕಿಕೊಳ್ಳಿ, ಎರಡೂ ಉಚಿತ. ಹಳೇ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಯುನಿಕೋಡ್‌ಗೆ ಬದಲಿಸಿಯೇ ತರಬೇಕು. ಬರೀ ಕಾರ್ಡ್, ಶುಭಾಶಯದ ಕೆಲಸ ಅಂದರೆ ಕ್ಯಾನ್ವಾ ಬೇಗ ಆಗುತ್ತದೆ, ಆದರೆ ಅದು ಕಾರ್ಡ್ ಜೋಡಿಸುವ ಸಾಧನ. ಫೋಟೋ ಸರಿ ಮಾಡಿಕೊಂಡು ಆಮೇಲೆ ಅಲ್ಲಿಗೆ ಹೋಗಿ.

ಇನ್ನು ಕೆಲಸ ಮುಗಿಸಿ ಕಲರ್ ಲ್ಯಾಬ್‌ಗೆ ಕಳಿಸುವುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಅಷ್ಟು ಹೊತ್ತು ಕೂತು ಮಾಡಿದ ಕೆಲಸ ಅಲ್ಲೇ ಹೋಗುತ್ತದೆ. 'ಡಾಕ್ಯುಮೆಂಟ್' ಆರಿಸಿ ಕಳಿಸಿ, ಫೈಲ್ ಹಾಗೇ ತಲುಪುತ್ತದೆ. ನನ್ನ ಅಂಗಡಿಯಲ್ಲಿ ಈಗ ಪ್ರತಿ ಗಿರಾಕಿಗೂ ಒಂದು ಫೋಲ್ಡರ್, ಅದರೊಳಗೆ 'ಮೂಲ' ಅಂತ ಇನ್ನೊಂದು. ಪೆನ್‌ಡ್ರೈವ್ ಹಾಕಿದ ಕೂಡಲೇ ಫೋಟೋ ಮೊದಲು ಅಲ್ಲಿಗೆ ಕಾಪಿ ಆಗುತ್ತದೆ, ಆಮೇಲೆ ಕೆಲಸ ಶುರು.